ಹಳೇ ಲೇಬಲ್, ಕರಪತ್ರ, ಜಾಹೀರಾತುಗಳ ಸಂಗ್ರಹ: ಹುಡುಕುವುದರಿಂದ ಹಂಚಿಕೊಳ್ಳುವವರೆಗೆ ಸಮಗ್ರ ಮಾರ್ಗದರ್ಶಿ

ಬೆಂಕಿಪೊಟ್ಟಣದ ಲೇಬಲ್, ಸಿನಿಮಾ ಟಿಕೆಟ್, ಸೋಪಿನ ಹೊದಿಕೆ, ಸರ್ಕಸ್ಸಿನ ಕರಪತ್ರ, ಪತ್ರಿಕೆಯಲ್ಲಿ ಬಂದ ರೇಡಿಯೋ ಜಾಹೀರಾತು. ಇವನ್ನು ಮಾಡಿದವರು ಯಾರೂ ನೂರು ವರ್ಷ ಉಳಿಯಲಿ ಅಂತ ಮಾಡಿದ್ದಲ್ಲ. ಕೆಲಸ ಮುಗಿದ ಮೇಲೆ ಕಸದ ಬುಟ್ಟಿಗೆ ಹೋಗಬೇಕಾದ ವಸ್ತುಗಳಿವು. ಹಾಗಾಗಿ ಉಳಿದದ್ದೇ ಕಡಿಮೆ. ಉಳಿದದ್ದರ ಬಗ್ಗೆ ಗೊತ್ತಿರುವುದು ಇನ್ನೂ ಕಡಿಮೆ.

ಈಗ ಇಂಥ ಚಿತ್ರಗಳು ಫೋನಿನ ತುಂಬ ಓಡಾಡುತ್ತವೆ. ನೋಡಲು ಚೆಂದವೇ. ಆದರೆ ಯಾರು ಬರೆದದ್ದು, ಯಾವ ವರ್ಷದ್ದು, ಎಲ್ಲಿ ಅಚ್ಚಾಗಿದ್ದು ಅಂತ ಕೇಳಿ ನೋಡಿ, ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಒಬ್ಬರು ಕಲಾವಿದನ ಹೆಸರು ಬಿಟ್ಟರು, ಇನ್ನೊಬ್ಬರು ಅಂಚು ಕತ್ತರಿಸಿದರು, ಮತ್ತೊಬ್ಬರು ಬಣ್ಣ ಏರಿಸಿದರು. ಕೊನೆಗೆ ಉಳಿದದ್ದು ಹೆಸರೂ ಇಲ್ಲದ, ವಿಳಾಸವೂ ಇಲ್ಲದ ಒಂದು ಚಿತ್ರ. ನನ್ನ ಮಟ್ಟಿಗೆ ಈ ಹವ್ಯಾಸದಲ್ಲಿ ಕಾಗದ ಅರ್ಧ, ಅದರ ಜೊತೆಗಿನ ಮಾಹಿತಿ ಇನ್ನರ್ಧ. ಕೆಳಗಿನ ಎಲ್ಲ ಹಂತಗಳಲ್ಲೂ ಆ ಎರಡನೇ ಅರ್ಧವನ್ನು ಕೈಬಿಡದೆ ಹಿಡಿದುಕೊಂಡೇ ಹೋಗೋಣ.

ಹಂತ 1: ಮೊದಲು ಒಂದು ಗೆರೆ ಎಳೆದುಕೊಳ್ಳಿ

ಹಳೆಯದೆಲ್ಲ ಬೇಕು ಅಂತ ಹೊರಟರೆ ಮನೆ ಗೋಡೌನ್ ಆಗುತ್ತದೆ, ಅಷ್ಟೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಜಾನ್ ಜಾನ್ಸನ್ ಬಳಕೆಯ ಮುದ್ರಿತ ಕಾಗದಗಳನ್ನು ಲಕ್ಷಗಟ್ಟಲೆ ಕೂಡಿಟ್ಟರು. ಅವರ ಸಂಗ್ರಹ 1968ರಲ್ಲಿ ಬಾಡ್ಲಿಯನ್ ಗ್ರಂಥಾಲಯ ಸೇರಿತು. ಇವತ್ತು ಅಲ್ಲಿ ಸುಮಾರು 15 ಲಕ್ಷ ವಸ್ತುಗಳಿವೆ. ಅಷ್ಟೆಲ್ಲ ಕೂಡಿಟ್ಟವರು ಕೂಡ 1939ಕ್ಕೆ ಒಂದು ಗೆರೆ ಎಳೆದರು. ಅದರಿಂದ ಈಚೆಗಿನದು ಅವರ ಲೆಕ್ಕಕ್ಕಿಲ್ಲ. ಅವರಿಗೇ ಗಡಿ ಬೇಕಾಗಿತ್ತು ಅಂದಮೇಲೆ ನಮಗೆ ಬೇಡವೇ?

ಗೆರೆ ಎಳೆಯಲು ಹಲವು ದಾರಿಗಳಿವೆ. ವಸ್ತುವಿನ ಬಗೆ ನೋಡಬಹುದು: ಲೇಬಲ್, ಪೋಸ್ಟ್‌ಕಾರ್ಡ್, ಕ್ಯಾಲೆಂಡರ್. ವಿಷಯ ನೋಡಬಹುದು: ರೈಲು, ಬಾಹ್ಯಾಕಾಶ, ಔಷಧಿ. ಕಾಲ ನೋಡಬಹುದು, ಕಲಾವಿದರನ್ನು ನೋಡಬಹುದು, ಮುದ್ರಣದ ಬಗೆಯನ್ನೂ ನೋಡಬಹುದು. ಇವುಗಳಲ್ಲಿ ಯಾವುದಾದರೂ ಎರಡನ್ನು ಸೇರಿಸಿ ಅಂತ ನಾನು ಹೇಳುತ್ತೇನೆ. 'ಲಗೇಜ್ ಲೇಬಲ್' ಅಂದರೆ ಸಮುದ್ರ. '1950ರಿಂದ 1965ರವರೆಗಿನ ವಿಮಾನ ಕಂಪನಿಗಳ ಲಗೇಜ್ ಲೇಬಲ್' ಅಂದರೆ ಒಬ್ಬ ಮನುಷ್ಯ ನಿಜವಾಗಿ ತಿಳಿದುಕೊಳ್ಳಬಹುದಾದ ವಿಷಯ. ಗಡಿ ಚಿಕ್ಕದಿದ್ದಷ್ಟೂ ಕಣ್ಣು ಬೇಗ ಪಳಗುತ್ತದೆ, ನಕಲಿ ಮಾಲು ದೂರದಿಂದಲೇ ಗೊತ್ತಾಗುತ್ತದೆ.

ಹುಡುಕುವಾಗ ಉಪಯೋಗಕ್ಕೆ ಬರುವ ಒಂದೆರಡು ಹೆಸರುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಥ ಕಾಗದಕ್ಕೆಲ್ಲ ಒಟ್ಟಾಗಿ ಎಫೆಮೆರಾ ಅನ್ನುತ್ತಾರೆ. ಮಾರಿಸ್ ರಿಕರ್ಡ್ಸ್ 1975ರಲ್ಲಿ ಲಂಡನ್ನಿನಲ್ಲಿ ಎಫೆಮೆರಾ ಸೊಸೈಟಿ ಶುರು ಮಾಡಿದ ಮೇಲೆ ಈ ಹೆಸರು ಸಂಗ್ರಾಹಕರ ನಡುವೆ ಗಟ್ಟಿಯಾಯಿತು. ಬೆಂಕಿಪೊಟ್ಟಣದ ಲೇಬಲ್ ಕೂಡಿಸುವವರು ಫಿಲ್ಯುಮೆನಿಸ್ಟ್‌ಗಳು, ಪೋಸ್ಟ್‌ಕಾರ್ಡಿನವರು ಡೆಲ್ಟಿಯಾಲಜಿಸ್ಟ್‌ಗಳು. ಹೆಸರು ಭಾರಿ ಅನ್ನಿಸಿದರೂ ಹಳೆಯ ಪಟ್ಟಿಗಳು, ಹರಾಜಿನ ಕ್ಯಾಟಲಾಗ್‌ಗಳು ಸಿಗುವುದು ಈ ಪದಗಳ ಕೆಳಗೇ.

ಹಂತ 2: ಎಲ್ಲಿ ಹುಡುಕುವುದು

ರದ್ದಿ ಅಂಗಡಿ, ಹಳೇ ಪುಸ್ತಕದವರು, ಸಂತೆ, ಮನೆ ಖಾಲಿ ಮಾಡುವವರು, ಹರಾಜು. ಇವು ಎಲ್ಲರಿಗೂ ಗೊತ್ತಿರುವ ಜಾಗಗಳು. ಅಷ್ಟಾಗಿ ಯಾರೂ ಯೋಚಿಸದ ಜಾಗ ಅಂದರೆ ಬಾಗಿಲು ಮುಚ್ಚಿದ ಪ್ರಿಂಟಿಂಗ್ ಪ್ರೆಸ್. ಪ್ರೆಸ್‌ನವರು ಗಿರಾಕಿಗೆ ತೋರಿಸಲು ಒಂದು ಸ್ಯಾಂಪಲ್ ಪುಸ್ತಕ ಇಟ್ಟುಕೊಂಡಿರುತ್ತಿದ್ದರು. ತಾವು ಅಚ್ಚು ಹಾಕಿದ ಲೇಬಲ್, ಬಿಲ್ಲು, ಆಮಂತ್ರಣ ಎಲ್ಲವನ್ನೂ ಒಂದೊಂದು ಪ್ರತಿ ಅಂಟಿಸಿದ ದಪ್ಪ ಪುಸ್ತಕ ಅದು. ಪಕ್ಕದಲ್ಲಿ ಕೆಲವೊಮ್ಮೆ ತಾರೀಖು, ಪ್ರತಿಗಳ ಲೆಕ್ಕ, ಶಾಯಿಯ ಹೆಸರು ಕೂಡ ಬರೆದಿರುತ್ತಾರೆ. ಬಿಡಿ ಲೇಬಲ್ ಸಾವಿರ ಸಿಕ್ಕರೂ ಇಂಥ ಒಂದು ಪುಸ್ತಕಕ್ಕೆ ಸಮನಲ್ಲ. ಸಿಕ್ಕರೆ ದಯವಿಟ್ಟು ಬಿಡಿಸಬೇಡಿ, ಹಾಗೇ ಇಡಿ.

ಕೊಳ್ಳುವಾಗ ಮಾರುವವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ಇದು ಎಲ್ಲಿಂದ ಬಂತು? ಯಾರ ಮನೆಯ ಪೆಟ್ಟಿಗೆ, ಯಾವ ಅಂಗಡಿಯ ಹಳೇ ಸ್ಟಾಕು, ಇದರ ಜೊತೆ ಬೇರೇನಿತ್ತು? ಅವರಿಗೆ ಗೊತ್ತಿರುವುದು ಆ ದಿನ ಮಾತ್ರ ಸಿಗುತ್ತದೆ. ಅಲ್ಲೇ ಫೋನಿನಲ್ಲಿ ಬರೆದುಕೊಳ್ಳಿ.

ಎರಡು ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಒಂದು, ಗ್ರಂಥಾಲಯದ ಮುದ್ರೆ ಇದ್ದು, ತೆಗೆದುಹಾಕಲಾಗಿದೆ ಎಂಬ ಗುರುತು ಇಲ್ಲದಿದ್ದರೆ ಅದನ್ನು ಮುಟ್ಟುವುದಿಲ್ಲ. ಎರಡು, ಇಡೀ ಪತ್ರಿಕೆಯನ್ನು ಹರಿದು ಜಾಹೀರಾತಿನ ಪುಟ ಬಿಡಿಬಿಡಿಯಾಗಿ ಮಾರುವವರ ಹತ್ತಿರ ಕೊಳ್ಳುವುದಿಲ್ಲ. ಪುಟ ಬೇರೆಯಾದ ಕ್ಷಣ ಪತ್ರಿಕೆಯ ಹೆಸರು, ತಿಂಗಳು, ಎದುರಿನ ಪುಟ ಎಲ್ಲ ಹೋಯಿತು. ಆಗಲೇ ಹರಿದದ್ದಾದರೆ ಬೇರೆ ಮಾತು. ಆದರೆ ನಮ್ಮ ಕೈಯಾರೆ ಹರಿಯುವುದು ಬೇಡ.

ಹಂತ 3: ಭೂತಗನ್ನಡಿ ಹಿಡಿದು ನೋಡಿ

ಈ ಹವ್ಯಾಸಕ್ಕೆ ಬೇಕಾದ ಒಂದೇ ಒಂದು ಉಪಕರಣ ಹೇಳಿ ಅಂದರೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ. ಒಡವೆ ಕೆಲಸದವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅದೇ. ಕಾಗದ ಯಾವ ಕಾಲದ್ದು ಅಂತ ಮಾರುವವರ ಮಾತಿಗಿಂತ ಅದರ ಚುಕ್ಕಿಗಳು ಚೆನ್ನಾಗಿ ಹೇಳುತ್ತವೆ.

ಕಲ್ಲಚ್ಚಿನಿಂದ ಶುರು ಮಾಡೋಣ. 1790ರ ದಶಕದ ಕೊನೆಯಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಇದು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮುದ್ರಣದ ಶಾಯಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ. 1837ರಲ್ಲಿ ಗೋಡೆಫ್ರಾ ಎಂಗೆಲ್‌ಮನ್ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದರು. ಬಣ್ಣಕ್ಕೊಂದು ಕಲ್ಲು. ಹತ್ತು ಬಣ್ಣ ಇದ್ದರೆ ಒಂದೇ ಹಾಳೆ ಹತ್ತು ಸಲ ಯಂತ್ರದ ಕೆಳಗೆ ಹೋಗಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ಆ ಮಿರುಗುವ ಲೇಬಲ್ಲುಗಳು, ವ್ಯಾಪಾರದ ಕಾರ್ಡುಗಳು (ಅಂಗಡಿ, ಕಂಪನಿಯವರು ಜಾಹೀರಾತಿಗೆ ಹಂಚುತ್ತಿದ್ದ ಚಿತ್ರದ ಕಾರ್ಡುಗಳು) ಬಹುಪಾಲು ಇದರ ಕೂಸುಗಳೇ.

ಅಂಥದೊಂದು ಕಾರ್ಡನ್ನು ಭೂತಗನ್ನಡಿಯಲ್ಲಿ ನೋಡಿ. ಹುಡುಗಿಯ ಕೆನ್ನೆಯ ಗುಲಾಬಿ ಬಣ್ಣ ದೂರದಿಂದ ನಯವಾಗಿ ಕಾಣುತ್ತದೆ. ಹತ್ತಿರ ಹೋದರೆ ಅದು ಕೈಯಲ್ಲಿ ಇಟ್ಟ ಸಣ್ಣ ಸಣ್ಣ ಚುಕ್ಕಿಗಳ ಗುಂಪು. ಒಂದರ ಹಾಗೆ ಇನ್ನೊಂದಿಲ್ಲ. ಕೆನ್ನೆಯ ನಡುವೆ ಒತ್ತೊತ್ತಾಗಿವೆ, ಗಲ್ಲದ ಹತ್ತಿರ ವಿರಳವಾಗಿವೆ. ಯಾವ ಸಾಲೂ ನೆಟ್ಟಗಿಲ್ಲ. ತುಟಿಯ ಕೆಂಪು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿ, ಕೆಳಗಿನ ಹಳದಿ ಇಣುಕುತ್ತಿದೆ. ಅಂದರೆ ಆ ಕಲ್ಲು ಸರಿಯಾಗಿ ಕೂತಿರಲಿಲ್ಲ. ಅಂಚಿನ ಬಿಳಿ ಜಾಗದಲ್ಲಿ ಕೂಡುವ ಚಿಹ್ನೆಯ ಹಾಗೆ (+) ಒಂದು ಸಣ್ಣ ಗೆರೆ ಇದ್ದರೆ ಅದು ಕಲ್ಲುಗಳನ್ನು ಜೋಡಿಸಲು ಹಾಕಿದ ಗುರುತು. ಇಷ್ಟೆಲ್ಲ ಇದ್ದರೆ ಅದು ಮನುಷ್ಯನ ಕೈ ಓಡಾಡಿದ ಕೆಲಸ.

ಅದೇ ಕಾರ್ಡಿನ ಮರುಮುದ್ರಣ ಹೇಗಿರುತ್ತದೆ? ಅದರಲ್ಲಿ ನೀಲಿ, ಕೆನ್ನೇರಳೆ ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಅಚ್ಚುಕಟ್ಟಾಗಿ ಸಾಲು ಹಿಡಿದು, ಪುಟ್ಟ ಪುಟ್ಟ ಹೂವಿನ ಆಕಾರ ಮಾಡಿರುತ್ತವೆ. ಇದು ಹಾಫ್‌ಟೋನ್. ಫೋಟೋವನ್ನು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಈ ವಿಧಾನ 1880ರ ದಶಕದಿಂದ ಹರಡಿತು. ಕಲ್ಲಚ್ಚು ಅಂತ ಹೇಳಿ ಮಾರುವ ಕಾರ್ಡಿನಲ್ಲಿ ಈ ಹೂವುಗಳು ಕಂಡರೆ ಅದು ಫೋಟೋ ತೆಗೆದು ಮಾಡಿದ ನಕಲು. ಇನ್ನು ಚುಕ್ಕಿಗಳಿಗೆ ಸಾಲೂ ಇಲ್ಲ, ಆಕಾರವೂ ಇಲ್ಲ, ಶಾಯಿ ಸಿಂಪಡಿಸಿದ ಹಾಗಿದೆ ಅಂದರೆ ಅದು ಇಂಕ್‌ಜೆಟ್. ಮನೆಯ ಪ್ರಿಂಟರಿನ ಕೆಲಸ.

ಕಾಮಿಕ್ಸ್‌ಗಳಲ್ಲಿ ಕಾಣುವ ದೊಡ್ಡ ದೊಡ್ಡ ಒಂದೇ ಅಳತೆಯ ಚುಕ್ಕಿಗಳ ಕಥೆ ಬೇರೆ. ಬೆಂಜಮಿನ್ ಡೇ 1879ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದಾಗಿ ಇವಕ್ಕೆ ಬೆನ್ ಡೇ ಚುಕ್ಕಿಗಳು ಅಂತ ಹೆಸರು. ಇಲ್ಲಿ ಚುಕ್ಕಿ ಫೋಟೋದಿಂದ ಬಂದದ್ದಲ್ಲ. ಈ ಜಾಗಕ್ಕೆ ತೆಳು ಕೆಂಪು ಬೇಕು ಅಂತ ಕೆಲಸಗಾರ ತಾನೇ ಹಾಕಿದ್ದು.

ಅಚ್ಚುಮೊಳೆಯ ಕೆಲಸವನ್ನು ಬೆರಳಲ್ಲೇ ಕಂಡುಹಿಡಿಯಬಹುದು. ಹಾಳೆಯ ಹಿಂಬದಿಯಲ್ಲಿ ಅಕ್ಷರದ ಒತ್ತು ಉಬ್ಬಾಗಿ ಸಿಗುತ್ತದೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚಿಗೆ ಶಾಯಿ ಒತ್ತರಿಸಿ ನಿಂತಿರುವುದೂ ಕಾಣುತ್ತದೆ.

ಎರಡನೇ ಪರೀಕ್ಷೆ ಕಪ್ಪು ಬೆಳಕು, ಅಂದರೆ ಯುವಿ ಟಾರ್ಚ್. 1950ರ ಸುಮಾರಿನಿಂದ ಕಾಗದ ಬೆಳ್ಳಗೆ ಕಾಣಲಿ ಅಂತ ಹೊಳಪಿನ ರಾಸಾಯನಿಕ ಸೇರಿಸಲು ಶುರು ಮಾಡಿದರು. ಕತ್ತಲೆ ಕೋಣೆಯಲ್ಲಿ ಯುವಿ ಬೆಳಕು ಬಿಟ್ಟರೆ ಅಂಥ ಕಾಗದ ನೀಲಿಬಿಳಿಯಾಗಿ ಹೊಳೆಯುತ್ತದೆ. 1910ರ ಪೋಸ್ಟ್‌ಕಾರ್ಡ್ ಹಾಗೆ ಹೊಳೆದರೆ ಅದನ್ನು ಕೆಳಗಿಟ್ಟು ಮುಂದೆ ಹೋಗಿ. ಆದರೆ ಹೊಳೆಯದಿದ್ದರೆ ಹಳೆಯದೇ ಅಂತ ಅರ್ಥ ಅಲ್ಲ. ಆಮೇಲಿನ ಎಷ್ಟೋ ಕಾಗದಗಳಿಗೆ ಆ ರಾಸಾಯನಿಕ ಹಾಕಿರುವುದಿಲ್ಲ. ಹೊಳೆದರೆ ಅನುಮಾನ ಖಾತ್ರಿ, ಹೊಳೆಯದಿದ್ದರೆ ತನಿಖೆ ಮುಂದುವರಿಯುತ್ತದೆ.

ಬೇಕಂತಲೇ ಹಳತು ಮಾಡಿದ ಕಾಗದವೂ ಬರುತ್ತದೆ. ನಿಜವಾಗಿ ಮುಪ್ಪಾದ ಕಾಗದದಲ್ಲಿ ಕಂದು ಬಣ್ಣ ಗಾಳಿ ಬೆಳಕು ತಾಗುವ ಅಂಚಿನಿಂದ ಒಳಗೆ ಬರುತ್ತದೆ, ನಡುಭಾಗ ತಿಳಿಯಾಗಿರುತ್ತದೆ. ಬಣ್ಣದ ನೀರಲ್ಲಿ ಅದ್ದಿದ್ದಾದರೆ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಮಡಿಕೆಗಳಲ್ಲಿ ಗಾಢವಾಗಿ ನಿಂತಿರುತ್ತದೆ. ಅಳತೆಯನ್ನೂ ನೋಡಿ. ಮೂಲ ಪೋಸ್ಟರಿನ ಅಳತೆ ಗೊತ್ತಿದ್ದು ನಿಮ್ಮ ಕೈಲಿರುವುದು ಒಂದೆರಡು ಸೆಂಟಿಮೀಟರ್ ಚಿಕ್ಕದಿದ್ದರೆ, ಒಂದೋ ಯಾರೋ ಅಂಚು ಕತ್ತರಿಸಿದ್ದಾರೆ, ಇಲ್ಲ ಅದು ನಕಲು.

ಹಂತ 4: ಇಸವಿ ಪತ್ತೆ ಮಾಡುವುದು

ಎಫೆಮೆರಾದಲ್ಲಿ ತಾರೀಖು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಸುಳಿವು ಇದ್ದೇ ಇರುತ್ತದೆ. ಚಿತ್ರ ಬಿಟ್ಟು ಸಣ್ಣ ಅಕ್ಷರಗಳನ್ನು ಓದಿ.

ವಿಳಾಸ ನೋಡಿ. ಅಮೆರಿಕದ ವಿಳಾಸದಲ್ಲಿ ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ ಇದ್ದರೆ (ನ್ಯೂಯಾರ್ಕ್ 17 ಅನ್ನುವ ಹಾಗೆ) ಅದು ಸಾಮಾನ್ಯವಾಗಿ 1943ರಿಂದ 1963ರ ನಡುವಿನದು. ಐದಂಕಿಯ ಜಿಪ್ ಕೋಡ್ ಬಂದದ್ದು 1963ರಲ್ಲಿ. ಬ್ರಿಟನ್ನಿನ ಬೆಲೆ ಶಿಲ್ಲಿಂಗ್‌ನಲ್ಲಿದ್ದರೆ ಅದು 1971ರ ಫೆಬ್ರವರಿಗಿಂತ ಹಿಂದಿನದು. 'ಆಕ್ಯುಪೈಡ್ ಜಪಾನ್' (ಯುದ್ಧ ಸೋತು ಪರರ ಹಿಡಿತದಲ್ಲಿದ್ದ ಜಪಾನ್) ಅಂತ ಅಚ್ಚಾಗಿದ್ದರೆ 1945ರಿಂದ 1952ರ ನಡುವೆ. ಪೊಟ್ಟಣದ ಮೇಲೆ ಬಾರ್‌ಕೋಡ್ ಇದ್ದರೆ 1970ರ ದಶಕಕ್ಕಿಂತ ಹಿಂದೆ ಹೋಗುವ ಹಾಗಿಲ್ಲ, ಅಂಗಡಿಯಲ್ಲಿ ಮೊದಲ ಯುಪಿಸಿ ಬಾರ್‌ಕೋಡ್ ಸ್ಕ್ಯಾನ್ ಆಗಿದ್ದೇ 1974ರಲ್ಲಿ.

ಪೋಸ್ಟ್‌ಕಾರ್ಡ್ ಆದರೆ ಹಿಂಬದಿ ತಿರುಗಿಸಿ. ನಡುವೆ ಗೆರೆ ಹಾಕಿ, ಒಂದು ಕಡೆ ವಿಳಾಸ, ಇನ್ನೊಂದು ಕಡೆ ಪತ್ರ ಬರೆಯಲು ಮೊದಲು ಬಿಟ್ಟದ್ದು ಬ್ರಿಟನ್, 1902ರಲ್ಲಿ. ಅಮೆರಿಕದಲ್ಲಿ 1907ರಲ್ಲಿ ಬಂತು. ಅದಕ್ಕೆ ಮೊದಲು ಹಿಂಬದಿಯಲ್ಲಿ ವಿಳಾಸಕ್ಕೆ ಮಾತ್ರ ಜಾಗ. ಹಾಗಾಗಿ ಜನ ಚಿತ್ರದ ಮೇಲೇ, ಅಂಚಿನ ಬಿಳಿ ಜಾಗದಲ್ಲೇ ಗೀಚುತ್ತಿದ್ದರು. ಅಂಥ ಬರಹವನ್ನು ಕಲೆ ಅಂದುಕೊಂಡು ಕಂಪ್ಯೂಟರಿನಲ್ಲಿ ಅಳಿಸಿಬಿಡುವವರಿದ್ದಾರೆ. ಆ ಗೀಚಾಟವೇ ಇಸವಿಯ ಸಾಕ್ಷಿ.

ಕೆಳಗಿನ ಅಂಚಿನಲ್ಲಿ ಪ್ರೆಸ್ಸಿನ ಹೆಸರು, ಅದರ ಪಕ್ಕ ಅರ್ಥವಾಗದ ಸಂಖ್ಯೆ ಇರುತ್ತದೆ. 5ಎಂ/3/54 ಅಂದರೆ ಸಾಮಾನ್ಯವಾಗಿ ಐದು ಸಾವಿರ ಪ್ರತಿ, 1954ರ ಮಾರ್ಚ್. ಎಲ್ಲ ಪ್ರೆಸ್ಸುಗಳೂ ಒಂದೇ ಕ್ರಮ ಇಟ್ಟುಕೊಂಡಿರಲಿಲ್ಲ. ಒಂದೇ ಪ್ರೆಸ್ಸಿನ ನಾಲ್ಕಾರು ಕಾಗದ ಹೋಲಿಸಿದರೆ ಗುಟ್ಟು ಬಿಡಿಸಿಕೊಳ್ಳುತ್ತದೆ.

ಕಲಾವಿದರ ಸಹಿ ಎಲ್ಲೋ ಮೂಲೆಯಲ್ಲಿ ಅಡಗಿರುತ್ತದೆ. ಹುಲ್ಲಿನ ಎಳೆಗಳ ನಡುವೆ, ಬೂಟಿನ ಹಿಮ್ಮಡಿಯ ಪಕ್ಕ, ಬರೀ ಎರಡಕ್ಷರ. ಓದಲು ಬರದಿದ್ದರೆ ಊಹಿಸಿ ಹೆಸರು ಹಾಕಬೇಡಿ. ಸಹಿಯ ಚಿತ್ರವನ್ನೇ ಬೇರೆ ಕಡತವಾಗಿ ಇಟ್ಟುಕೊಳ್ಳಿ, ಮುಂದೆಂದಾದರೂ ಇನ್ನೊಂದು ಚಿತ್ರದಲ್ಲಿ ಅದೇ ಸಹಿ ಪೂರ್ತಿ ಹೆಸರಿನ ಜೊತೆ ಸಿಗಬಹುದು. ಎಷ್ಟೋ ಜಾಹೀರಾತುಗಳಿಗೆ ಸಹಿಯೇ ಇರುವುದಿಲ್ಲ. ಒಬ್ಬರು ಮುಖ ಬರೆದು, ಇನ್ನೊಬ್ಬರು ಅಕ್ಷರ ಬರೆದು, ಮೂರನೆಯವರು ಹಿನ್ನೆಲೆ ತುಂಬಿದ ಸ್ಟುಡಿಯೋ ಕೆಲಸಗಳವು.

ಹಂತ 5: ಚೀಟಿ ಬರೆಯಿರಿ

ಬೇಸರದ ಕೆಲಸ ಇದೇ. ಇದನ್ನು ಬಿಟ್ಟವರ ಸಂಗ್ರಹ ಕೊನೆಗೆ ರಾಶಿ ಆಗುತ್ತದೆ.

ಜೆಫರ್ಸನ್ ಬರ್ಡಿಕ್ ಅಂತ ಒಬ್ಬರಿದ್ದರು. ಅಮೆರಿಕದ ಸಿರಾಕ್ಯೂಸ್‌ನವರು, ವಿದ್ಯುತ್ ಉಪಕರಣದ ಕಾರ್ಖಾನೆಯಲ್ಲಿ ಕೆಲಸ. ಸಿಗರೇಟ್ ಪ್ಯಾಕಿನ ಕಾರ್ಡು, ಮಿಠಾಯಿ ಕಾರ್ಡು, ವ್ಯಾಪಾರದ ಕಾರ್ಡು ಇಂಥವೆಲ್ಲ ಕೂಡಿಸಿದರು. ಮೂರು ಲಕ್ಷಕ್ಕೂ ಜಾಸ್ತಿ ಕಾಗದಗಳನ್ನು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ. ಸಂಧಿವಾತದಿಂದ ಬೆರಳು ಮಡಚಲಾರದ ಸ್ಥಿತಿಯಲ್ಲೂ ಮ್ಯೂಸಿಯಮ್ಮಿನಲ್ಲಿ ಕೂತು, ವರ್ಷಗಟ್ಟಲೆ ಒಂದೊಂದನ್ನೂ ಆಲ್ಬಮ್ಮಿಗೆ ಹಚ್ಚಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಅವರು ಕಾರ್ಡುಗಳಿಗೆ ಕೊಟ್ಟ ಗುರುತಿನ ಕ್ರಮ ಇವತ್ತಿಗೂ ಚಾಲ್ತಿಯಲ್ಲಿದೆ. ಬೇಸ್‌ಬಾಲ್ ಕಾರ್ಡಿನವರು ಟಿ206 ಅಂದರೆ 1909ರಿಂದ 1911ರ ತಂಬಾಕಿನ ಕಾರ್ಡುಗಳ ಸರಣಿ. ಟಿ ಅಂದರೆ ಇಪ್ಪತ್ತನೇ ಶತಮಾನದ ತಂಬಾಕು, ಎನ್ ಅಂದರೆ ಹತ್ತೊಂಬತ್ತನೇ ಶತಮಾನದ್ದು. ಅವರು ಅಂಟು ಹಚ್ಚಿದ್ದನ್ನು ಇವತ್ತು ಯಾರೂ ಅನುಸರಿಸಬಾರದು, ಅದು ಬೇರೆ ವಿಷಯ. ಆದರೆ ಆ ಗುರುತಿನ ಕ್ರಮ ಇಲ್ಲದಿದ್ದರೆ ಮೂರು ಲಕ್ಷ ಕಾಗದ ಬರೀ ಮೂರು ಲಕ್ಷ ಕಾಗದ.

ನಿಮಗೆ ಬೇಕಾದದ್ದು ಒಂದು ಸಾದಾ ಸ್ಪ್ರೆಡ್‌ಶೀಟ್. ಪ್ರತಿ ವಸ್ತುವಿಗೆ ಒಂದು ಸಂಖ್ಯೆ. ಏನದು, ಮಿಲಿಮೀಟರಿನಲ್ಲಿ ಅಳತೆ (ಎತ್ತರ ಮೊದಲು), ಮುದ್ರಣದ ಬಗೆ, ಪ್ರೆಸ್ಸು, ಕಲಾವಿದ, ಇಸವಿ, ಮೇಲೆ ಅಚ್ಚಾಗಿರುವ ಪೂರ್ತಿ ಬರಹ, ಎಲ್ಲಿಂದ ಬಂತು, ಈಗ ಯಾವ ಡಬ್ಬದಲ್ಲಿದೆ. ಇಸವಿಯ ಪಕ್ಕ ಇನ್ನೊಂದು ಕಾಲಂ ಕಡ್ಡಾಯ: ಹೇಗೆ ಗೊತ್ತಾಯಿತು? 'ಕಾಗದದ ಮೇಲೇ ಇದೆ', 'ವಿಳಾಸದಿಂದ ಊಹೆ', 'ಮಾರಿದವರ ಮಾತು' ಈ ಮೂರಕ್ಕೂ ಅಜಗಜಾಂತರ. ಹತ್ತು ವರ್ಷದ ನಂತರ ನಿಮ್ಮ ಊಹೆಯೇ ನಿಮಗೆ ಸತ್ಯದ ಹಾಗೆ ಕಾಣುತ್ತದೆ.

ಸಂಖ್ಯೆಯನ್ನು ವಸ್ತುವಿನ ಹಿಂಬದಿ ಮೂಲೆಯಲ್ಲಿ ಮೆತ್ತನೆಯ 2ಬಿ ಪೆನ್ಸಿಲ್ಲಿನಲ್ಲಿ ಹಗುರವಾಗಿ ಬರೆಯಿರಿ. ಪೆನ್ನು ಬೇಡ, ಸ್ಟಿಕ್ಕರ್ ಬೇಡ. ಹಿಂಬದಿಯಲ್ಲೂ ಚಿತ್ರ ಇದ್ದರೆ ಕವರಿನ ಮೇಲೆ ಬರೆದರೆ ಸಾಕು.

ಹಂತ 6: ಶುಚಿ ಮಾಡುವುದು, ಇಡುವುದು

ಹೊಸದಾಗಿ ತಂದ ಕಾಗದವನ್ನು ನೇರವಾಗಿ ಹಳೆಯದರ ಜೊತೆ ಸೇರಿಸಬೇಡಿ. ಒಂದು ಮುಚ್ಚಿದ ಡಬ್ಬದಲ್ಲಿ ಕೆಲವು ವಾರ ಬೇರೆ ಇಡಿ. ಬೂಷ್ಟಿನ ವಾಸನೆ, ಪುಡಿ, ಹುಳದ ಗುರುತು ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಹುಳ ಕಂಡರೆ ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಂಪು ಕಾಗದದ ಮೇಲೆ ನೀರು ಹನಿಗಟ್ಟುತ್ತದೆ.

ಶುಚಿ ಅಂದರೆ ಮೆತ್ತನೆ ಬ್ರಷ್‌ನಲ್ಲಿ ಧೂಳು ಒರೆಸುವುದು, ನಡುವಿನಿಂದ ಹೊರಗಡೆಗೆ. ಅದಕ್ಕಿಂತ ಮುಂದೆ ಹೋಗಬೇಡಿ. ತುಕ್ಕು ಹಿಡಿದ ಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡ್ ತೆಗೆಯಿರಿ. ಪತ್ರಿಕೆಯ ಬೆನ್ನಿನ ಮೂಲ ಪಿನ್ನುಗಳು ಗಟ್ಟಿಯಾಗಿದ್ದರೆ ಹಾಗೇ ಇರಲಿ, ಅವೂ ವಸ್ತುವಿನ ಭಾಗ. ಹರಿದ ಕಡೆ ಸೆಲ್ಲೋಟೇಪ್ ಹಾಕಲೇಬೇಡಿ. ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಮೇಲಿನ ಪಟ್ಟಿ ಒಣಗಿ ಉದುರುತ್ತದೆ, ಕಲೆ ಮಾತ್ರ ಶಾಶ್ವತ. ಹಳೇ ಟೇಪನ್ನು ಕೀಳಲು ಹೋಗುವುದೂ ಬೇಡ. ಬೆಲೆಬಾಳುವಂಥದ್ದಾದರೆ ಕಾಗದ ಸಂರಕ್ಷಣೆ ಕಲಿತವರ ಕೈಗೆ ಕೊಡಿ.

ಕಾಗದ ಯಾಕೆ ಪುಡಿಯಾಗುತ್ತದೆ ಅಂತ ತಿಳಿದಿದ್ದರೆ ಉಳಿದದ್ದೆಲ್ಲ ತಾನೇ ಹೊಳೆಯುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೆ ಕಾಗದ ಹೆಚ್ಚಾಗಿ ಚಿಂದಿ ಬಟ್ಟೆಯಿಂದ ಆಗುತ್ತಿತ್ತು. ಆಮೇಲೆ ಮರದ ತಿರುಳು ಬಂತು. ಅದರಲ್ಲಿ ಲಿಗ್ನಿನ್ (ಮರದ ನಾರನ್ನು ಹಿಡಿದಿಡುವ ವಸ್ತು) ಇದೆ, ಶಾಯಿ ಹರಡದಿರಲಿ ಅಂತ ಹಾಕಿದ ಪಟಿಕವೂ ಇದೆ. ಎರಡೂ ಸೇರಿ ಆಮ್ಲ ಹುಟ್ಟುತ್ತದೆ. ಆಮ್ಲ ನಾರನ್ನು ತುಂಡು ಮಾಡುತ್ತದೆ. ಅದಕ್ಕೇ 1700ರ ಕರಪತ್ರ ಬೆಳ್ಳಗೆ ಮೆತ್ತಗಿರುತ್ತದೆ, 1940ರ ಕಾಮಿಕ್ಸ್ ಮುಟ್ಟಿದರೆ ಚೂರಾಗುತ್ತದೆ. ಈ ಆಮ್ಲ ಪಕ್ಕದ ಕಾಗದಕ್ಕೂ ದಾಟುತ್ತದೆ. ಒಳ್ಳೆ ಕಾರ್ಡಿನ ಮೇಲೆ ಪತ್ರಿಕೆಯ ತುಂಡು ಇಟ್ಟು ಮರೆತರೆ ಆ ತುಂಡಿನ ಆಕಾರದ ಕಂದು ಕಲೆ ಬಿದ್ದಿರುತ್ತದೆ.

ಹಾಗಾಗಿ ಆಮ್ಲರಹಿತ ಕಾಗದದ ಲಕೋಟೆ, ಆಮ್ಲರಹಿತ ರಟ್ಟಿನ ಡಬ್ಬ. ಪ್ಲಾಸ್ಟಿಕ್ ಬೇಕಿದ್ದರೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್. ಪಿವಿಸಿ ಬೇಡ, ಅದು ಕಾಲಕ್ರಮೇಣ ಆಮ್ಲ ಬಿಡುತ್ತದೆ, ಶಾಯಿಯನ್ನು ತನಗೇ ಅಂಟಿಸಿಕೊಳ್ಳುತ್ತದೆ. ಮೂಗಿಗೆ ಹೊಸ ಪ್ಲಾಸ್ಟಿಕ್ಕಿನ ಘಾಟು ಬಡಿದರೆ ಅನುಮಾನ ಪಡಿ. ಪೆನ್ಸಿಲ್, ಇದ್ದಿಲು, ಪಾಸ್ಟೆಲ್‌ನಲ್ಲಿ ಬರೆದ ಮೂಲ ಚಿತ್ರಗಳನ್ನು ಪಾಲಿಯೆಸ್ಟರಿನಲ್ಲಿ ಹಾಕಬೇಡಿ. ಅದರ ಸ್ಥಿರವಿದ್ಯುತ್ ಪುಡಿಯನ್ನು ಎಳೆದುಕೊಳ್ಳುತ್ತದೆ. ಅಂಟಿನ ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಫೋಟೋ ಆಲ್ಬಮ್ಮುಗಳಂತೂ ಕಾಗದದ ಶತ್ರು.

ಜಾಗ ತಂಪಾಗಿ, ಒಣಗಿ, ಕತ್ತಲಾಗಿರಬೇಕು. ಗಾಳಿಯ ತೇವ ಶೇಕಡ 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 65 ದಾಟಿದರೆ ಬೂಷ್ಟು ಬರುತ್ತದೆ. ತೇವ ಅಳೆಯುವ ಚಿಕ್ಕ ಮೀಟರ್ ಇಟ್ಟುಕೊಳ್ಳಿ. ಅಟ್ಟ ಬೇಡ, ನೆಲಮಾಳಿಗೆ ಬೇಡ, ಹೊರಗೋಡೆಗೆ ಅಂಟಿದ ಕಪಾಟೂ ಬೇಡ. ಗೋಡೆಗೆ ನೇತುಹಾಕುವ ಆಸೆ ಇದ್ದರೆ ಒಳ್ಳೆ ಪ್ರಿಂಟ್ ತೆಗೆಸಿ ಅದನ್ನು ಹಾಕಿ. ಮ್ಯೂಸಿಯಮ್ಮುಗಳು ಕಾಗದಕ್ಕೆ 50 ಲಕ್ಸ್ ಬೆಳಕು ಮಾತ್ರ ಬಿಡುತ್ತವೆ, ಅದೂ ಕೆಲವೇ ತಿಂಗಳು. ಬೆಳಕಿನಿಂದ ಹೋದ ಬಣ್ಣ ವಾಪಸ್ ಬರುವುದಿಲ್ಲ.

ಹಂತ 7: ಸ್ಕ್ಯಾನ್

ಫೋನಿನ ಫೋಟೋ ಗುರುತಿಗೆ ಸಾಕು, ದಾಖಲೆಗೆ ಸಾಲದು. ಸಾದಾ ಫ್ಲಾಟ್‌ಬೆಡ್ ಸ್ಕ್ಯಾನರ್ ತೆಗೆದುಕೊಳ್ಳಿ. ಕೊಳ್ಳುವಾಗ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಸಿಸಿಡಿ ಬಗೆಯದೋ ಸಿಐಎಸ್ ಬಗೆಯದೋ ಕೇಳಿ. ಸಿಐಎಸ್ ತೆಳ್ಳಗಿರುತ್ತದೆ, ಅಗ್ಗ ಕೂಡ. ಆದರೆ ಗಾಜಿಗೆ ಅಂಟಿಕೊಂಡದ್ದು ಮಾತ್ರ ಅದಕ್ಕೆ ಸ್ಪಷ್ಟ. ಮಡಿಕೆ ಇರುವ ಕಾಗದ, ಡಬ್ಬದ ಮುಚ್ಚಳ, ಪತ್ರಿಕೆಯ ನಡುಬೆನ್ನು ಮಸುಕಾಗುತ್ತದೆ. ಸಿಸಿಡಿ ಸ್ವಲ್ಪ ಎತ್ತರದಲ್ಲಿರುವುದನ್ನೂ ಹಿಡಿಯುತ್ತದೆ.

ಬೆಂಕಿಪೊಟ್ಟಣದ ಲೇಬಲ್, ಅಂಚೆಚೀಟಿಯಂಥ ಚಿಕ್ಕದಕ್ಕೆ 1200 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ), ಸಾಮಾನ್ಯ ಹಾಳೆಗೆ 600, ದೊಡ್ಡ ಪೋಸ್ಟರಿಗೆ 300ರಿಂದ 400. ಕಪ್ಪುಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಕಾಗದದ ಬಣ್ಣ, ಶಾಯಿಯ ಕಂದು ಎಲ್ಲ ಮಾಹಿತಿಯೇ. ಸ್ಕ್ಯಾನರ್ ತಾನಾಗಿ ಮಾಡುವ ಸುಧಾರಣೆಗಳನ್ನೆಲ್ಲ ಆಫ್ ಮಾಡಿ. ಅಂಚಿನ ಸುತ್ತ ಸ್ವಲ್ಪ ಖಾಲಿ ಜಾಗ ಬಿಟ್ಟು ಇಡೀ ಕಾಗದ ಕಾಣುವ ಹಾಗೆ ಇರಲಿ. ಹಿಂಬದಿಯನ್ನೂ ಮಾಡಿ, ಖಾಲಿ ಇದ್ದರೂ. ತೆಳು ಪತ್ರಿಕೆಯ ಹಾಳೆಯಲ್ಲಿ ಹಿಂದಿನ ಪುಟದ ಅಕ್ಷರ ಇಣುಕುತ್ತದೆ ಅಲ್ವಾ? ಹಿಂದೆ ಒಂದು ಕಪ್ಪು ಕಾಗದ ಇಡಿ, ಮಾಯವಾಗುತ್ತದೆ.

ಹಾಫ್‌ಟೋನ್ ಚಿತ್ರದಲ್ಲಿ ಅಲೆಅಲೆಯಾದ ಗೆರೆಗಳು ಬರುತ್ತವೆ. ಮುದ್ರಣದ ಚುಕ್ಕಿಗಳ ಸಾಲೂ ಸ್ಕ್ಯಾನರಿನ ಸಾಲೂ ಒಂದಕ್ಕೊಂದು ಹೊಂದದೆ ಆಗುವ ತೊಂದರೆ ಇದು. 600 ಅಥವಾ 1200ರಲ್ಲಿ ಸ್ಕ್ಯಾನ್ ಮಾಡಿ ಆಮೇಲೆ ಚಿಕ್ಕದು ಮಾಡಿದರೆ ಬಹುಪಾಲು ಹೋಗುತ್ತದೆ. ಚುಕ್ಕಿ ಅಳಿಸುವ ಡಿಸ್ಕ್ರೀನ್ ಆಯ್ಕೆಯನ್ನು ಮೂಲ ಕಡತಕ್ಕೆ ಹಾಕಬೇಡಿ, ಅದು ಚುಕ್ಕಿಯ ಜೊತೆ ವಿವರವನ್ನೂ ತಿನ್ನುತ್ತದೆ.

ಮೂಲ ಕಡತ ಟಿಫ್ ಆಗಿರಲಿ, ಅದನ್ನು ಎಂದೂ ತಿದ್ದಬೇಡಿ. ತಿದ್ದುವುದು, ಕತ್ತರಿಸುವುದು, ಬಣ್ಣ ಸರಿ ಮಾಡುವುದು ಎಲ್ಲ ಜೆಪೆಗ್ ಪ್ರತಿಯಲ್ಲಿ. ಕಡತದ ಹೆಸರಲ್ಲಿ ಆ ವಸ್ತುವಿನ ಸಂಖ್ಯೆ ಇರಲಿ, ಮುಂಬದಿ ಹಿಂಬದಿ ಗುರುತಿರಲಿ. ಮೂರು ಪ್ರತಿ ಇಡಿ, ಎರಡು ಬೇರೆ ಬೇರೆ ಬಗೆಯ ಡಿಸ್ಕಿನಲ್ಲಿ, ಒಂದಾದರೂ ಮನೆಯಿಂದ ಹೊರಗೆ. ಈಗ ಎಐ ಬಳಸಿ ಚಿತ್ರ ದೊಡ್ಡದು ಮಾಡುವ ಹುಚ್ಚು ಹತ್ತಿದೆ. ಅದು ಇಲ್ಲದ ರೆಪ್ಪೆಗೂದಲು ಸೇರಿಸುತ್ತದೆ, ಸಣ್ಣ ಅಕ್ಷರಗಳನ್ನು ಯಾವ ಭಾಷೆಯದ್ದೂ ಅಲ್ಲದ ಗೀಚಾಗಿ ಮಾಡುತ್ತದೆ, ಕಲ್ಲಚ್ಚಿನ ಚುಕ್ಕಿಯನ್ನು ಬಳಿದು ನಯ ಮಾಡುತ್ತದೆ. ದಾಖಲೆ ಅಂತ ಹಂಚುವ ಚಿತ್ರಕ್ಕೆ ಅದು ಬೇಡ.

ಹಂತ 8: ಹಕ್ಕು ನೋಡಿಕೊಳ್ಳಿ

ಕಾಗದ ನಿಮ್ಮದು ಅಂದ ಮಾತ್ರಕ್ಕೆ ಚಿತ್ರದ ಹಕ್ಕು ನಿಮ್ಮದಲ್ಲ. ಹಕ್ಕು ಎಷ್ಟು ಕಾಲ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಒಕ್ಕೂಟದಲ್ಲಿ, ಬ್ರಿಟನ್ನಿನಲ್ಲಿ ಕಲಾವಿದ ತೀರಿಕೊಂಡು 70 ವರ್ಷ. ಭಾರತದಲ್ಲಿ 60. ಅಮೆರಿಕದಲ್ಲಿ ಹಳೇ ಪ್ರಕಟಣೆಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಹಿಡಿದರೆ ಖಾತ್ರಿ.

ಅಮೆರಿಕದ ಕಾಗದಗಳಲ್ಲಿ ಇನ್ನೆರಡು ಬಾಗಿಲುಗಳಿವೆ. 1964ಕ್ಕೆ ಮೊದಲು ಅಲ್ಲಿ ಪ್ರಕಟವಾದ ಕೃತಿಯ ಹಕ್ಕನ್ನು 28ನೇ ವರ್ಷದಲ್ಲಿ ನವೀಕರಿಸಬೇಕಿತ್ತು. ನವೀಕರಿಸದಿದ್ದರೆ ಅದು ಸಾರ್ವಜನಿಕರದ್ದಾಯಿತು. 1978ಕ್ಕೆ ಮೊದಲು ಹಕ್ಕಿನ ಗುರುತೇ ಇಲ್ಲದೆ ಅಲ್ಲಿ ಪ್ರಕಟವಾದದ್ದೂ ಸಾಮಾನ್ಯವಾಗಿ ಹಾಗೆಯೇ. ಕರಪತ್ರ, ಲೇಬಲ್ಲುಗಳ ಮೇಲೆ ಆ ಗುರುತು ಹಾಕುವ ಗೋಜಿಗೆ ಯಾರು ಹೋಗುತ್ತಿದ್ದರು? ಆದರೆ ಟ್ರೇಡ್‌ಮಾರ್ಕ್ ಬೇರೆ ಕಾನೂನು. ಹಳೇ ಲೋಗೋ ಇತಿಹಾಸವಾಗಿ ತೋರಿಸುವುದು ಸರಿ, ಅದನ್ನೇ ಅಂಗಿಯ ಮೇಲೆ ಅಚ್ಚು ಹಾಕಿ ಮಾರಲು ಹೊರಟರೆ ವಕೀಲರನ್ನು ಕೇಳಿಕೊಂಡು ಹೊರಡಿ.

ಹಕ್ಕು ಮುಗಿದ ಚಿತ್ರವನ್ನು ಸ್ಕ್ಯಾನ್ ಮಾಡಿದ್ದಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲ. ಅಮೆರಿಕದಲ್ಲಿ 1999ರ ಬ್ರಿಜ್‌ಮನ್ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನೇ ಹೇಳಿತು. ಯುರೋಪಿನ ಒಕ್ಕೂಟ 2019ರ ನಿರ್ದೇಶನದಲ್ಲಿ ಇದನ್ನು ಬರೆದೇಬಿಟ್ಟಿತು. ಅಂಥ ಚಿತ್ರದ ನಡುವೆ ತಮ್ಮ ಹೆಸರಿನ ದೊಡ್ಡ ವಾಟರ್‌ಮಾರ್ಕ್ ಬಡಿಯುವವರನ್ನು ಕಂಡರೆ ನನಗೆ ಸುಮ್ನೆ ನಗು ಬರುತ್ತದೆ.

ಹಂತ 9: ಹಂಚಿಕೊಳ್ಳುವುದು

ಚಿತ್ರದ ಕೆಳಗೆ 'ಎಷ್ಟು ಚೆಂದ ಅಲ್ವಾ' ಅಂತ ಬರೆದು ಬಿಟ್ಟರೆ ನಿಮ್ಮ ಇಷ್ಟೂ ಶ್ರಮ ನೀರಿಗೆ. ಹೀಗೆ ಬರೆಯಿರಿ: 'ಬೆಂಕಿಪೊಟ್ಟಣದ ಲೇಬಲ್. ಬಣ್ಣದ ಕಲ್ಲಚ್ಚು, ಮೂರು ಬಣ್ಣ. 35 × 55 ಮಿ.ಮೀ. ಕಲಾವಿದರು ಗೊತ್ತಿಲ್ಲ. ಸುಮಾರು 1910-20, ಪ್ರೆಸ್ಸಿನ ಹೆಸರಿನಿಂದ ಊಹೆ. ಹಿಂಬದಿಯಲ್ಲಿ ಅಂಟಿನ ಗುರುತು. 1200 ಡಿಪಿಐ, ಬಣ್ಣ ತಿದ್ದಿಲ್ಲ.' ನಾಲ್ಕು ಸಾಲು ಸಾಕು. ಇದೇ ಮಾಹಿತಿಯನ್ನು ಚಿತ್ರದ ಕಡತದೊಳಗಿನ ಮೆಟಾಡೇಟಾದಲ್ಲೂ ಹಾಕಿ, ಯಾರಾದರೂ ಚಿತ್ರ ಮಾತ್ರ ಎತ್ತಿಕೊಂಡು ಹೋದರೆ ಅದೂ ಜೊತೆಗೆ ಹೋಗಲಿ. ಕೆಲವು ಸಾಮಾಜಿಕ ಜಾಲತಾಣಗಳು ಈ ಮೆಟಾಡೇಟಾವನ್ನು ಕಿತ್ತುಹಾಕುತ್ತವೆ. ಆದ್ದರಿಂದ ಒಂದು ಪೂರ್ತಿ ಪ್ರತಿ ವಿಕಿಮೀಡಿಯ ಕಾಮನ್ಸ್ ಅಥವಾ ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಇರಲಿ, ಹಕ್ಕು ಮುಗಿದದ್ದಾದರೆ ಮಾತ್ರ. ಬೇರೆಯವರ ಸ್ಕ್ಯಾನ್ ಹಂಚುವಾಗ ಅದು ಎಲ್ಲಿಂದ ಬಂತು ಅಂತ ಹೇಳಿ. ಕಾನೂನು ಕೇಳದಿದ್ದರೂ ಮರ್ಯಾದೆ ಕೇಳುತ್ತದೆ.

ಹಳೇ ಜಾಹೀರಾತುಗಳಲ್ಲಿ ಜನಾಂಗವನ್ನು, ಹೆಂಗಸರನ್ನು, ಬಡವರನ್ನು ಹೀನಾಯವಾಗಿ ತೋರಿಸಿದ್ದು ಬೇಕಾದಷ್ಟಿದೆ. ಅಡಗಿಸುವುದು ಬೇಡ, ಅಂಥದ್ದು ಅಂಗಡಿ ಅಂಗಡಿಯಲ್ಲಿ ನೇತಾಡುತ್ತಿತ್ತು ಅನ್ನುವುದೂ ಇತಿಹಾಸವೇ. ಆದರೆ ತಮಾಷೆಗೆ ಅಂತ ಹಾಕಬೇಡಿ. ಯಾರು, ಯಾವಾಗ, ಏನು ಮಾರಲು ಹೀಗೆ ಬರೆದರು ಅನ್ನುವುದನ್ನು ಸೇರಿಸಿ ಹಾಕಿ. ಪೋಸ್ಟ್‌ಕಾರ್ಡ್, ಬಿಲ್ಲುಗಳ ಮೇಲೆ ಬದುಕಿರಬಹುದಾದವರ ಹೆಸರು ವಿಳಾಸ ಇದ್ದರೆ ಹಂಚುವ ಪ್ರತಿಯಲ್ಲಿ ಮುಚ್ಚಿಬಿಡಿ.

ಮಾಹಿತಿ ಸಮೇತ ಹಂಚಿದರೆ ಉತ್ತರ ಬರಲು ಶುರುವಾಗುತ್ತದೆ. ಈ ಸಹಿ ನಮ್ಮ ತಾತನದು, ಇದು 1958 ಅಲ್ಲ 1961, ಈ ಪ್ರೆಸ್ ಆ ಬೀದಿಯಲ್ಲಿತ್ತು ಅಂತ ಜನ ಬರೆಯುತ್ತಾರೆ. ಅದನ್ನು ಹಾಗೇ ನಂಬಿ ಹಳೆಯದನ್ನು ಅಳಿಸಬೇಡಿ. ಸ್ಪ್ರೆಡ್‌ಶೀಟಿನಲ್ಲಿ ಹೊಸ ಸಾಲು ಸೇರಿಸಿ, ಯಾರು ಹೇಳಿದರು, ಯಾವತ್ತು, ಏನು ಆಧಾರ ಅಂತ ಬರೆಯಿರಿ. ಆಧಾರ ಗಟ್ಟಿಯಾದ ದಿನ ಇಸವಿಯ ಕಾಲಂ ತಿದ್ದಿ, ಹಂಚಿದ ಕಡೆಯೆಲ್ಲ ಹೋಗಿ ಅಲ್ಲೂ ತಿದ್ದಿ.